ಚಿಗರಿಯ ಧಣಿ ಯಾರು?

ಕಳೆದ ಮುಂಗಾರಿಯಲ್ಲಿ ರಾಣಿಬೆನ್ನೂರ ಕಡೆಯ ಒಬ್ಬ ಒಕ್ಕಲಿಗನು ಕಾಯದೆಯ ಸಲಹೆ ಕೇಳಲು ನಮ್ಮಲ್ಲಿಗೆ ಬಂದಿದ್ದನು. ನಾಲ್ಕೆಕರೆ ಎರೆಯಲ್ಲಿ ಗೋವಿನಜೋಳ ಬಿತ್ತಿದ್ದನಂತೆ. ಪೈರು ಗೇಣುದ್ದವಾಗುವಷ್ಟರಲ್ಲಿ ಚಿಗರಿಗಳ ಹಿಂಡು ಎರಡು ಮುಂಜಾವುಗಳಲ್ಲಿ ಸುಳಿಯನ್ನೆಲ್ಲ ಕಡಿದು ಹೋಯಿತು. ಮರಳಿ ಬಿತ್ತಿದನು, ಮರಳಿ ಮೇದವು. ಅವನ ಪ್ರಶ್ನೆ ಇಷ್ಟೇ: “ಸಾಹೇಬರ, ಮಂದಿ ದನಾ ಹೊಲಾ ಹೊಕ್ಕರ ಕೊಂಡವಾಡಕ್ಕ ಹೊಡೀತೀನಿ, ಧಣಿ ಬಂದು ದಂಡಾ ಕೊಟ್ಟು ಬಿಡಿಸ್ಕೊಂಡು ಹೋಗ್ತಾನ. ಈ ಚಿಗರಿ ಧಣಿ ಯಾರ್ರಿ?”

ಇಪ್ಪತ್ತು ವರ್ಷ ವಕೀಲಿ ಮಾಡಿದವನಿಗೂ ಇದಕ್ಕೆ ನೆಟ್ಟಗೆ ಉತ್ತರ ಕೊಡುವದು ಸುಲಭವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ 39ನೆಯ ಕಲಮಿನ ಮೇರೆಗೆ ಬೇಟೆಗೆ ಬಲಿಯಾದ, ಇಲ್ಲವೆ ಸತ್ತು ಬಿದ್ದ ವನ್ಯಪ್ರಾಣಿಯು ಸರಕಾರದ ಸ್ವತ್ತು. ಸತ್ತ ಚಿಗರಿಗೆ ಧಣಿಯುಂಟು; ಬದುಕಿ ಹೊಲ ಮೇಯುವ ಚಿಗರಿಗೆ ಮಾತ್ರ ಧಣಿಯಿಲ್ಲ! ಅದನ್ನು ಕೊಂದವನಿಗಾದರೋ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದ ವರೆಗಿನ ಸೆರೆಮನೆ; ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಹಿಂದೆ ಹೀಗಿರಲಿಲ್ಲ. ಪರಕೀಯರು 1912ರಲ್ಲಿ ಮಾಡಿದ ಕಾಯದೆಯು ಆಗ ಮುಂಬಯಿ ಇಲಾಖೆಯಲ್ಲಿದ್ದ ನಮ್ಮ ಧಾರವಾಡ ಜಿಲ್ಲೆಗೂ ಅನ್ವಯಿಸುತ್ತಿತ್ತು. ಅದರಲ್ಲಿ, ತನ್ನ ಸ್ವತ್ತನ್ನು ಪ್ರಾಮಾಣಿಕವಾಗಿ ಕಾಪಾಡಿಕೊಳ್ಳಲು ಪ್ರಾಣಿಯನ್ನು ಕೊಂದವನಿಗೆ ಅಪರಾಧವಿಲ್ಲವೆಂದು ಸ್ಪಷ್ಟವಾಗಿ ಹೇಳಿತ್ತು. 1972ರ ಕಾಯದೆಯ 11ನೆಯ ಕಲಮು ಪ್ರಾಣರಕ್ಷಣೆಯ ಮಾತನ್ನು ಉಳಿಸಿಕೊಂಡು ಸ್ವತ್ತಿನ ಮಾತನ್ನು ಬಿಟ್ಟಿತು. ಎರಡನೆಯ ಅನುಸೂಚಿಯ ಪ್ರಾಣಿಯು ನಿಂತ ಪೀಕಿಗೆ ಅಪಾಯಕಾರಿಯಾದರೆ ಅಧಿಕಾರಿಯು ಅಪ್ಪಣೆ ಕೊಡಬಹುದು. ಚಿಗರಿಯು ಮೊದಲನೆಯ ಅನುಸೂಚಿಯಲ್ಲಿರುವದರಿಂದ ಆ ಬಾಗಿಲೂ ಮುಚ್ಚಿದೆ.

ಹಾಗಾದರೆ ಒಕ್ಕಲಿಗನ ಕೈಗೆ ಬಂದೂಕು ಕೊಡಬೇಕೆನ್ನುವಿರಾ ಎಂದು ವಾಚಕರು ಕೇಳಬಹುದು. ಇಲ್ಲ. ಬಂದೂಕಿನವರನ್ನು ತಡೆಯದಿದ್ದರೆ ಇಂದು ನಮ್ಮ ಮಕ್ಕಳಿಗೆ ಕೃಷ್ಣಮೃಗವನ್ನು ಚಿತ್ರದಲ್ಲಷ್ಟೇ ತೋರಿಸಬೇಕಾಗುತ್ತಿತ್ತು. ಆ ಪ್ರಾಣಿಯನ್ನು ಹಾರುವ ಭಂಗಿಯಲ್ಲಿ ಒಮ್ಮೆ ಕಂಡವರಾರೂ ಅದರ ನಾಶವನ್ನು ಬಯಸಲಾರರು. ನಮ್ಮ ಕಕ್ಷಿಗಾರನೂ ಬಯಸಿರಲಿಲ್ಲ. ಆದರೆ ಇಡೀ ದೇಶದ ಹೆಮ್ಮೆಯ ಖರ್ಚನ್ನು ನಾಲ್ಕೆಕರೆಯವನೊಬ್ಬನೇ ಹೊರಬೇಕೆಂಬುದು ಯಾವ ನ್ಯಾಯ? ಸಂಜೆ ಕ್ಲಬ್ಬಿನಲ್ಲಿ ಕುಳಿತು ರೈತರಿಗೆ ದಯೆಯಿಲ್ಲವೆನ್ನುವ ನಮ್ಮ ಮಿತ್ರರು ತಮ್ಮ ಸಂಬಳದಲ್ಲಿ ಒಂದು ತಿಂಗಳಿನದನ್ನು ಚಿಗರಿಗೆ ಬಿಟ್ಟು ನೋಡಲಿ.

ಸರಕಾರವು 1974ರಲ್ಲಿ ರಾಣಿಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವನ್ನೇನೋ ಮಾಡಿತು. ಚಿಗರಿಯು ಬಯಲಿನ ಪ್ರಾಣಿ. ಅದಕ್ಕೆ ಬೇಕಾದುದು ಹುಲ್ಲುಗಾವಲು. ಅಲ್ಲಿ ಬೆಳೆಸಿದುದು ಬಹುಮಟ್ಟಿಗೆ ನೀಲಗಿರಿ ಮರ. ನೀಲಗಿರಿಯ ಎಲೆಯನ್ನು ಚಿಗರಿ ತಿನ್ನುವದಿಲ್ಲವೆಂಬುದು ದನ ಕಾಯುವ ಹುಡುಗನಿಗೂ ಗೊತ್ತು. ಹಗಲು ಅಡವಿಯ ನೆರಳಲ್ಲಿದ್ದು, ಹೊಟ್ಟೆಗೆ ನೆರೆಯ ಹೊಲಕ್ಕೆ ಬಂದರೆ ತಪ್ಪು ಪ್ರಾಣಿಯದಲ್ಲ.

ಪರಿಹಾರವುಂಟಲ್ಲ ಎನ್ನುವರು. ಉಂಟು, ಆದರೆ ಅದು ಸರಕಾರ ಕೃಪೆಯಿಂದ ಕೊಡುವ ಹಣವೇ ಹೊರತು ರೈತನ ಹಕ್ಕಲ್ಲ. ಅರ್ಜಿ, ಉತಾರ, ಛಾಯಾಚಿತ್ರ, ಪಂಚನಾಮೆ, ಕಚೇರಿಗೆ ನಾಲ್ಕು ಖೇಪು. ಉತಾರದಲ್ಲಿ ಹೆಸರಿಲ್ಲದ ಲಾವಣಿದಾರನ ಪಾಡನ್ನು ಕೇಳುವವರಿಲ್ಲ. ಅದಕ್ಕೂ ಮಿಗಿಲಾಗಿ, ಚಿಗರಿ ತಿನ್ನುವದು ಮೊಳಕೆಯನ್ನು. ಗೇಣುದ್ದದ ಸುಳಿಯನ್ನು ಎಷ್ಟು ಕ್ವಿಂಟಲಿಗೆ ಎಣಿಸಬೇಕು? ಬೀಜ, ಗೊಬ್ಬರ, ಆಳುಕೂಲಿ ಹೋಗಲಿ, ಬಿತ್ತುವ ಹದವೇ ತಪ್ಪಿಹೋಗುತ್ತದೆ. ಹದವನ್ನು ಯಾವ ಪಂಚನಾಮೆಯೂ ಬರೆದುಕೊಳ್ಳುವದಿಲ್ಲ.

ಸ್ವತ್ತಿನ ರಕ್ಷಣೆಯನ್ನು ಕಾಯದೆಯು ರೈತನ ಕೈಯಿಂದ ಕಿತ್ತುಕೊಂಡ ಮೇಲೆ, ಆ ಭಾರವನ್ನು ಸರಕಾರವೇ ಹೊರಬೇಕು. ಪರಿಹಾರವು ಗೊತ್ತಾದ ಅವಧಿಯೊಳಗೆ ಸಲ್ಲುವ, ನ್ಯಾಯಾಲಯದಲ್ಲಿ ಕೇಳಬಹುದಾದ ಹಕ್ಕಾಗಬೇಕು. ಉತ್ತವನಿಗೆ ಅದು ಸಿಗಬೇಕು. ನೀಲಗಿರಿಯನ್ನು ಕಡಿದು ಹುಲ್ಲು ಬೆಳೆಸಬೇಕು. ಹಿಂಡು ಅತಿಯಾದಲ್ಲಿ ಹಿಡಿದು ಬೇರೆಡೆಗೆ ಸಾಗಿಸಲು ಇದೇ ಕಾಯದೆಯ 12ನೆಯ ಕಲಮು ಎಡೆಕೊಡುತ್ತದೆ. ಮಧ್ಯಪ್ರದೇಶದವರು 2025ರಲ್ಲಿ ಶಾಜಾಪುರದ ಹೊಲಗಳಿಂದ ಹೆಲಿಕಾಪ್ಟರಿನ ಸಹಾಯದಿಂದ ನೂರಾರು ಚಿಗರಿಗಳನ್ನು ಹೀಗೆಯೇ ಸಾಗಿಸಿದರು. ಅಲ್ಲಿ ಆದುದು ಇಲ್ಲೇಕೆ ಆಗದು?

ನಮ್ಮ ಒಕ್ಕಲಿಗನು ಹಿಂಗಾರಿಗೆ ಕಡಲೆ ಬಿತ್ತಿದನು. ಹೊಲದ ಸುತ್ತ ಮನೆಯ ಹೆಂಗಸರ ಹಳೆಯ ಸೀರೆಗಳನ್ನು ಕಟ್ಟಿ, ಇರುಳೆಲ್ಲ ಮಗನೊಡನೆ ಸರದಿಯಿಂದ ಕಾದನೆಂದು ತಿಳಿಯಿತು. ಮಗನು ಹತ್ತನೆಯ ಇಯತ್ತೆಯಲ್ಲಿದ್ದಾನೆ.