ಬಂದು ಹೋಗುವ ಗಂಟು

ಕನ್ನಡದಲ್ಲಿ ‘ಗಂಟು’ ಎಂಬ ಮಾತಿಗೆ ಅರ್ಥಗಳು ಹಲವು. ಹಣದ ಗಂಟೂ ಗಂಟೇ, ಹಗ್ಗದ ಗಂಟೂ ಗಂಟೇ. ಸಾಕಿದ ನಾಯಿಯ ಮೈಮೇಲೆ ಕೈಯಾಡಿಸುವಾಗ ಬೆರಳಿಗೆ ತಾಕುವ ಗಂಟು ಮಾತ್ರ ಮನೆಯವರ ನಿದ್ದೆಗೆಡಿಸುತ್ತದೆ. ನಾಲ್ಕು ದಿನ ಬಿಟ್ಟು ನೋಡಿದಾಗ ಅದು ಕುಗ್ಗಿದ್ದರೆ, ‘ಸದ್ಯ, ಇಳಿಯಿತು’ ಎಂದು ಎಲ್ಲರೂ ಹಗುರಾಗುತ್ತಾರೆ. ಆ ಸಮಾಧಾನ ತೀರ ಅವಸರದ್ದು.

ಹೆದರಬೇಕಿಲ್ಲದ ಗಂಟುಗಳೂ ಬೇಕಾದಷ್ಟಿವೆ. ವಯಸ್ಸಾದ ನಾಯಿಗಳಲ್ಲಿ ಚರ್ಮದಡಿ ಮೆತ್ತಗೆ ಜಾರಾಡುವ ಕೊಬ್ಬಿನ ಗಂಟು ಸರ್ವೇಸಾಮಾನ್ಯ. ಒಂದಾದ ಮೇಲೊಂದು ಮೂಡುವುದೂ ಉಂಟು. ಎಳೆಯ ನಾಯಿಗಳ ತಲೆ, ಕಿವಿ, ಕಾಲುಗಳ ಮೇಲೆ ಕೆಂಪು ಗುಂಡಿಯಂತೆ ಏಳುವ ‘ಹಿಸ್ಟಿಯೊಸೈಟೋಮ’ ಎರಡು ಮೂರು ತಿಂಗಳಲ್ಲಿ ಹೆಚ್ಚಾಗಿ ತಾನಾಗಿಯೇ ಕರಗುತ್ತದೆ.

ಆದರೆ ‘ಮಾಸ್ಟ್ ಸೆಲ್’ ಗೆಡ್ಡೆ ಎಂಬ ಮಾಯಾವಿಯೊಂದಿದೆ. ನಾಯಿಗಳ ಚರ್ಮಕ್ಕೆ ಬರುವ ಅರ್ಬುದಗಳಲ್ಲಿ ಇದೇ ಅತಿ ಸಾಮಾನ್ಯ. ಬಾಕ್ಸರ್, ಪಗ್, ಲ್ಯಾಬ್ರಡಾರ್ ತಳಿಗಳನ್ನು ವಿಶೇಷವಾಗಿ ಕಾಡುತ್ತದೆ. ಇದರ ಜೀವಕೋಶಗಳಲ್ಲಿ ಹಿಸ್ಟಮಿನ್ ಎಂಬ ದ್ರವ್ಯ ತುಂಬಿರುತ್ತದೆ. ಹಿಚುಕಿದರೆ, ಕೆರೆದರೆ ಅದು ಹೊರಚೆಲ್ಲಿ ಸುತ್ತಲಿನ ಚರ್ಮ ಕೆಂಪೇರಿ ಊದುತ್ತದೆ, ಬಳಿಕ ತಗ್ಗುತ್ತದೆ. ತಗ್ಗಿದ್ದು ಊತವೇ ಹೊರತು ಗೆಡ್ಡೆಯಲ್ಲ. ಹರಳೆಣ್ಣೆ ಹಚ್ಚಿ ತಿಕ್ಕುವ ಮನೆಮದ್ದು ಇಲ್ಲಿ ಕೇಡನ್ನೇ ಮಾಡೀತು. ಕೆಲವೊಮ್ಮೆ ಈ ಗೆಡ್ಡೆ ಕೊಬ್ಬಿನ ಗಂಟಿನಷ್ಟೇ ಮೆತ್ತಗಿರುವುದರಿಂದ, ಎಷ್ಟೇ ಪಳಗಿದ ವೈದ್ಯರಾದರೂ ಬರಿಯ ಬೆರಳಿನಿಂದ ಮುಟ್ಟಿ ನಿಶ್ಚಯವಾಗಿ ಹೇಳಲಾರರು.

ಅದಕ್ಕೆ ಸೂಜಿಯೇ ಬೇಕು. ಸಣ್ಣ ಸೂಜಿಯಿಂದ ಗಂಟಿನ ಕೆಲವು ಕೋಶಗಳನ್ನು ಸೆಳೆದು, ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ; ಸಾಮಾನ್ಯವಾಗಿ ಅರಿವಳಿಕೆಯೂ ಬೇಡ. ಬಟಾಣಿ ಕಾಳಿಗಿಂತ ದೊಡ್ಡದಾದ, ತಿಂಗಳಾದರೂ ಹೋಗದ, ಇಲ್ಲವೆ ಹೋಗಿ ಮತ್ತೆ ಬಂದ ಗಂಟಿಗೆ ಈ ಪರೀಕ್ಷೆ ಮಾಡಿಸಬೇಕು. ಬೇಗಬೇಗ ಬೆಳೆಯುವ, ಹುಣ್ಣಾಗಿ ಒಸರುವ, ಅಡಿಯ ಮಾಂಸಕ್ಕೆ ಕಚ್ಚಿಕೊಂಡು ಅಲುಗದ ಗಂಟುಗಳಿಗೂ, ಹೆಣ್ಣುನಾಯಿಯ ಮೊಲೆಗಳ ಸಾಲಿನಲ್ಲಿ ಎದ್ದವುಗಳಿಗೂ ತಿಂಗಳು ಕಾಯಬಾರದು. ಜೊತೆಗೆ ವಾಂತಿಯೋ ಕಪ್ಪು ಮಲವೋ ಕಂಡರೆ ಅಂದೇ ಪಶುವೈದ್ಯರಲ್ಲಿಗೆ ಹೊರಡುವುದು ಲೇಸು.

ಶಸ್ತ್ರಕ್ರಿಯೆಯಾದ ಮೇಲೂ ಅದೇ ಜಾಗದಲ್ಲಿ ಗಂಟು ಮರುಕಳಿಸುವುದುಂಟು. ಅಂಚಿನ ಕೋಶಗಳು ಒಳಗೇ ಉಳಿದುಹೋದುದರ ಫಲವದು. ಆದ್ದರಿಂದ ಕತ್ತರಿಸಿ ತೆಗೆದ ತುಂಡನ್ನು ಎಸೆಯಗೊಡದೆ ಪರೀಕ್ಷೆಗೆ ಕಳುಹಿಸಿ, ಅಂಚು ಶುದ್ಧವಾಗಿದೆಯೇ ಎಂದು ವಿಚಾರಿಸಿ. ಗಂಟು ಕಂಡ ತಾರೀಖು, ಜಾಗ, ಅಳತೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟರೂ ಸಾಕು. ವೈದ್ಯರು ಮೊದಲು ಕೇಳುವುದು ಅದನ್ನೇ.