ಎಣಿಕೆ ತಪ್ಪಿದಾಗ ಹುಟ್ಟುವ ಸದ್ದು

ದಾಂಡೇಲಿಯಲ್ಲಿ ಫಿಟ್ಟರ್ ಆಗಿರುವ ಪಾಲಕರೊಬ್ಬರು ಒಂದು ಭಾನುವಾರ ಬೆಳಿಗ್ಗೆ ನನ್ನ ಮನೆಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಹಿಂದೆ ತಲೆ ತಗ್ಗಿಸಿ ನಿಂತ ಮಗ, ಹತ್ತನೆಯ ತರಗತಿ. ಚೀಲವನ್ನು ಮೇಜಿನ ಮೇಲಿಟ್ಟು, ‘ಸರ, ಪರೀಕ್ಷಾ ಮುಗಿಯೂತನಕ ಇದು ನಿಮ್ಮ ಕಡೇನ ಇರಲ್ರಿ. ರಾತ್ರಿ ಹನ್ನೊಂದರ ತನಕ ಕುಂಯ್ ಕುಂಯ್ ಅನಿಸಿಕೋತ ಕೂಡ್ತಾನ. ಗಣಿತದಾಗ ಮೂವತ್ತೆಂಟು ಬಂದಾವ’ ಎಂದರು.

ಚೀಲದೊಳಗೆ ಒಂದು ಪ್ಲೈವುಡ್ ತುಂಡು. ಅದರ ಮೇಲೆ ಎರಡು 555 ಐಸಿ, ಎರಡು ಗುಂಡಿ, ಒಂಬತ್ತು ವೋಲ್ಟಿನ ಬ್ಯಾಟರಿ, ಹಳೆಯ ರೇಡಿಯೊದ ಸ್ಪೀಕರು ಮತ್ತು ಕಿತ್ತು ಬೇರೆಡೆ ಚುಚ್ಚಬಹುದಾದ ನಾಲ್ಕಾರು ವೈರು. ಒಂದು ಮಂಡಲದ ಸದ್ದನ್ನು ವೈರಿನ ಮೂಲಕ ಇನ್ನೊಂದಕ್ಕೆ ಉಣಿಸಿ ಹೊಸ ಸದ್ದು ಪಡೆಯುವ ಇಂಥ ವಾದ್ಯಕ್ಕೆ ಪ್ಯಾಚ್ ಸಿಂಥಸೈಜರ್ ಎನ್ನುತ್ತಾರೆ. ಕೊರ್ಗ್ ಕಂಪನಿ 2019ರಲ್ಲಿ ಹೊರತಂದ ವೋಲ್ಕಾ ಮಾಡ್ಯುಲರ್ ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ಕೆಲಸವೂ ಇದೇ. ಹುಡುಗನ ಪ್ಲೈವುಡ್ ಅದರ ಬಡ ತಮ್ಮ, ಅಷ್ಟೇ.

‘ಏನು ಮಾಡ್ತೀಯಪ್ಪಾ, ತೋರಿಸು’ ಎಂದೆ.

ಎರಡನೆಯ ಐಸಿ ಒಂದೇ ಸ್ವರ ಹಾಡುತ್ತಿತ್ತು. ಮೊದಲನೆಯದರ ಮೂರನೇ ಕಾಲಿನಿಂದ ಹತ್ತು ಕಿಲೊಓಮ್ ರೆಸಿಸ್ಟರ್ ಹಾಯಿಸಿ ಎರಡನೆಯದರ ಐದನೇ ಕಾಲಿಗೆ ವೈರು ಚುಚ್ಚಿದ. ಸ್ವರ ಆಂಬುಲೆನ್ಸಿನಂತೆ ಮೇಲೆ ಕೆಳಗೆ ಆಡತೊಡಗಿತು. ಗುಂಡಿ ತಿರುಗಿಸಿದಂತೆ ಆಟ ಚುರುಕಾಯಿತು. ಸೆಕೆಂಡಿಗೆ ಎರಡು, ಐದು, ಹತ್ತು. ಇನ್ನೂ ತಿರುಗಿಸಿದ. ಅಲುಗಾಟ ಇದ್ದಕ್ಕಿದ್ದಂತೆ ಮಾಯ! ಅದರ ಜಾಗದಲ್ಲಿ ಒಡಕು ಗಂಟೆಯಂಥ ಬೇರೆಯೇ ಒಂದು ಸದ್ದು.

ಮಿತ್ರರೇ, ಅಲುಗಾಟ ಎಲ್ಲಿ ಹೋಯಿತು? ಸೈಕಲ್ ಚಕ್ರದ ಕಡ್ಡಿಗಳಿಗೆ ರಟ್ಟಿನ ತುಂಡು ತಾಗಿಸಿ ಮೆಲ್ಲಗೆ ತಿರುಗಿಸಿ. ಟಕ್ ಟಕ್ ಎಂದು ಎಣಿಸಬಹುದು. ಜೋರಾಗಿ ತಿರುಗಿಸಿ. ಸೆಕೆಂಡಿಗೆ ಸುಮಾರು 20 ದಾಟಿದ ಮೇಲೆ ಕಿವಿ ಎಣಿಸುವುದನ್ನು ಬಿಟ್ಟು ಸ್ವರ ಕೇಳಿಸಿಕೊಳ್ಳುತ್ತದೆ. ಸ್ವರವನ್ನು ಅಲುಗಿಸಿದಾಗಲೂ ಹೀಗೆಯೇ. 440 ಹರ್ಟ್ಸ್ ಸ್ವರವನ್ನು ಸೆಕೆಂಡಿಗೆ 5 ಸಲ ಅಲುಗಿಸಿದರೆ 435, 445 ಎಂಬ ಪಕ್ಕದ ಸ್ವರಗಳು ಹುಟ್ಟುತ್ತವೆ. ಅವು ತೀರ ಹತ್ತಿರದವಾದ್ದರಿಂದ ಕಿವಿಗೆ ಒಂದೇ ಸ್ವರ ನಡುಗಿದಂತೆ ಕೇಳುತ್ತದೆ. 100 ಸಲ ಅಲುಗಿಸಿದರೆ 340, 540, ಮತ್ತೆ 240, 640 ಹೀಗೆ ದೂರದ ಸ್ವರಗಳು ಏಳುತ್ತವೆ. ಅವೆಲ್ಲ ಕೂಡಿ ನಾದಗುಣವನ್ನೇ ಬದಲಿಸಿಬಿಡುತ್ತವೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ 1967ರಲ್ಲಿ ಕಂಪ್ಯೂಟರಿನಲ್ಲಿ ಸ್ವರದ ನಡುಕವನ್ನು ಹೆಚ್ಚಿಸುತ್ತಾ ಹೋಗಿ ಇದನ್ನೇ ಕಂಡುಕೊಂಡರು. 1973ರಲ್ಲಿ ಅದರ ಬಗ್ಗೆ ಲೇಖನ ಪ್ರಕಟಿಸಿದರು. 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್ 7 ಕೀಬೋರ್ಡು ಬಂದದ್ದು ಅದರ ಆಧಾರದ ಮೇಲೆಯೇ.

ನಮ್ಮ ಮುಂಡಗೋಡದ ಮಕ್ಕಳು ಇಂಥ ಸೋಜಿಗವನ್ನು ಯಂತ್ರವಿಲ್ಲದೆಯೇ ಕೇಳಿರುತ್ತಾರೆ. ಟಿಬೆಟ್ ಕಾಲೊನಿಯ ಮಠಗಳಲ್ಲಿ ಕೆಲವು ಭಿಕ್ಷುಗಳು ಪಾತಾಳದಿಂದ ಬಂದಂಥ ದನಿಯಲ್ಲಿ ಮಂತ್ರ ಹೇಳುತ್ತಾರೆ. ಆ ಬಗೆಯ ದನಿಯಲ್ಲಿ ಧ್ವನಿತಂತುಗಳ ಮೇಲಿನ ಇನ್ನೊಂದು ಜೋಡಿ ಮಡಿಕೆಗಳು ಎರಡು ಕಂಪನಕ್ಕೊಮ್ಮೆ ಸೇರಿ ಸದ್ದನ್ನು ತಡೆಯುತ್ತವೆ. ಆವೃತ್ತಿ ಅರ್ಧಕ್ಕೆ ಇಳಿಯುತ್ತದೆ. ದನಿ ಒಂದು ಸಪ್ತಕ ಕೆಳಗೆ ಕೇಳುತ್ತದೆ.

ಇಷ್ಟನ್ನು ಹೇಳುತ್ತಾ ನಾನು ಹುಡುಗನ ಕಡೆಗೇ ನೋಡುತ್ತಿದ್ದೆ. ತಂದೆ ಕಣ್ಣು ಮುಚ್ಚಿ ಸ್ಪೀಕರಿಗೆ ಕಿವಿ ಹಚ್ಚಿದ್ದರು. ‘ತಮ್ಮಾ, ಇನ್ನೊಮ್ಮೆ ತಿರುವು’ ಎಂದರು. ಮತ್ತೆ ಕೇಳಿದರು. ‘ಸರ, ಈ ಸಪ್ಪಳ ನನಗ ಗೊತ್ತೈತ್ರಿ. ಹಲ್ಲು ಕೆಟ್ಟ ಗೇರು ಹಿಂಗ ಒದರತೈತಿ.’

ಮೂವತ್ತೆರಡು ವರ್ಷ ಪಾಠ ಹೇಳಿದ ನನಗೆ ಅದು ಹೊಳೆದಿರಲಿಲ್ಲ. ಲೆಕ್ಕ ಹಾಕಿ ನೋಡಿದೆವು. 40 ಹಲ್ಲಿನ ಗೇರು ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗಿದರೆ ಹಲ್ಲು ಕೂಡುವ ಸದ್ದು 1000 ಹರ್ಟ್ಸ್. ಒಂದು ಹಲ್ಲು ಕೆಟ್ಟರೆ ಆ ಸದ್ದು ಪ್ರತಿ ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 25 ಸಲ ಅಲುಗುತ್ತದೆ. ಆಗ 975, 1025 ಎಂಬ ಪಕ್ಕದ ಸ್ವರಗಳು ಏಳುತ್ತವೆ. ಯಂತ್ರಗಳ ಕಂಪನ ಪರೀಕ್ಷಿಸುವ ಎಂಜಿನಿಯರುಗಳು ಉಪಕರಣದಲ್ಲಿ ಹುಡುಕುವುದು ಇವುಗಳನ್ನೇ. ಈ ತಂದೆ ಇಷ್ಟು ವರ್ಷ ಕಿವಿಯಿಂದಲೇ ಅವನ್ನು ಹಿಡಿಯುತ್ತಿದ್ದರು. ಮಗ ಬಾಯಿ ಬಿಟ್ಟು ಅಪ್ಪನನ್ನು ನೋಡುತ್ತಿದ್ದ.

ಪಾಲಕರೇ, ಮೂವತ್ತೆಂಟು ಅಂಕ ಸಣ್ಣ ಚಿಂತೆಯಲ್ಲ. ಆ ತಂದೆಯ ಆತಂಕ ಸುಳ್ಳೆಂದು ನಾನು ಹೇಳಲಾರೆ. ಆದರೆ ಕೂಡಿಸಿ ಕಳೆಯುವ ಲೆಕ್ಕ ಆ ಪ್ಲೈವುಡ್ಡಿನಲ್ಲೇ ಇತ್ತು; ಅದನ್ನು ಪಾಟಿಗೆ ತರುವುದು ನನ್ನ ಕೆಲಸ. ಕೊನೆಗೆ ಒಪ್ಪಂದವಾಯಿತು. ಭಾನುವಾರ ಎರಡು ತಾಸು ಮಾತ್ರ. ಪ್ರತಿ ಪ್ರಯೋಗದ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಬ್ಯಾಟರಿ ಬಿಟ್ಟು ಮನೆಯ ಕರೆಂಟಿಗೆ ಕೈ ಹಾಕಕೂಡದು. ಚೀಲ ನನ್ನ ಮೇಜಿನ ಮೇಲೆ ಉಳಿಯಲಿಲ್ಲ. ತಂದೆಯೇ ಅದನ್ನು ಎತ್ತಿಕೊಂಡು ಹೋದರು.

ಮರುವಾರ ಹುಡುಗ ಒಂದು ಪ್ರಶ್ನೆ ತಂದ. 400 ಹರ್ಟ್ಸ್ ಸ್ವರವನ್ನು 200ರಿಂದ ಅಲುಗಿಸಿದರೆ ಇಂಪು, 283ರಿಂದ ಅಲುಗಿಸಿದರೆ ಒಡಕು ಗಂಟೆ. ಯಾಕೆ? ಹಳಿಯಾಳವಿರಲಿ, ಜೋಯಿಡಾದ ಕಾಡಿನ ಹಳ್ಳಿಯಿರಲಿ, ಪೆನ್ಸಿಲು ಸಾಕು. ಎರಡೂ ಜೋಡಿಗಳನ್ನು ಒಂದು ಸಲ, ಎರಡು ಸಲ ಕೂಡಿಸಿ, ಕಳೆದು ಪಟ್ಟಿ ಮಾಡಿ. ಯಾವ ಪಟ್ಟಿಯ ಸಂಖ್ಯೆಗಳೆಲ್ಲ ಒಂದೇ ಮಗ್ಗಿಯಲ್ಲಿ ಬರುತ್ತವೆ ನೋಡಿ.