ಹಾರಾಟಕ್ಕೂ ಒಂದು ಖಾತೆ

2025ರ ಜೂನಿನಲ್ಲಿ ಸೊಲ್ಲಾಪುರದಿಂದ ಗೋವಾಕ್ಕೆ ವಿಮಾನ ಸುರುವಾದಂದಿನಿಂದ ನಮ್ಮ ಪೇಟೆಯ ಮಕ್ಕಳ ಕಣ್ಣು ಮೇಲಕ್ಕೆ ಹೋಗಿದೆ. ಅಕ್ಕಲಕೋಟೆಯ ಬೀಗರ ಮನೆಯ ಹುಡುಗಿಯೊಬ್ಬಳು ಬೆಂಗಳೂರಿನ ಜಕ್ಕೂರಿಗೆ ಹೋಗಿ ಮೈಕ್ರೋಲೈಟ್ ಎಂಬ ಎರಡು ಸೀಟಿನ ಪುಟ್ಟ ವಿಮಾನ ನಡೆಸಲು ಕಲಿಯುವೆನೆಂದು ಹಟ ಹಿಡಿದಿದ್ದಾಳೆ. ಮದುವೆಗೆಂದು ಕೂಡಿಟ್ಟ ಹಣ ಮುರಿಯಲೇ ಎಂದು ತಂದೆ ನಮ್ಮನ್ನು ಕೇಳಿದರು.

ಹಣ ಮುರಿಯಬೇಡಿರಿ, ಮಗಳನ್ನು ತಡೆಯಲೂ ಬೇಡಿರಿ ಎಂದೆವು. ಇದು ಹವ್ಯಾಸದ ವಿದ್ಯೆ. ಏರ್‌ಲೈನ್ ನೌಕರಿಗೆ 200 ತಾಸು ಹಾರಾಟದ ಬೇರೆ ಲೈಸೆನ್ಸು ಬೇಕು. ಆದ್ದರಿಂದ ಖರ್ಚು ವರ್ಷದ ಲಾಭದಿಂದ ಬರಲಿ, ಮೂಲಧನದಿಂದಲ್ಲ. ಮೊದಲು ವೈದ್ಯಕೀಯ ತಪಾಸಣೆ, ಆಮೇಲೆ ಫೀ. ಅದನ್ನೂ ಒಂದೇ ಗಂಟಾಗಿ ಕೊಡದೆ ಹಾರಿದ ತಾಸಿನ ಲೆಕ್ಕದಲ್ಲಿ ಕೊಡಿರಿ. ಪ್ರಯಾಣ, ವಸತಿ, ಹೆಚ್ಚಿನ ಪಾಠಗಳಿಗೆ ಬೇರೆ ತೆಗೆದಿಡಿರಿ.

ಉತ್ಸಾಹ ಕುಂದುವುದು ನಡುವೆ ಬಿಟ್ಟಾಗ. ತಿಂಗಳುಗಟ್ಟಲೆ ಬಿಟ್ಟರೆ ಕೈ ಮರೆಯುತ್ತದೆ. ಕಲಿತದ್ದಕ್ಕೇ ಮತ್ತೆ ದುಡ್ಡು. ಮಳೆಗಾಲ ಕಳೆದು ದೀಪಾವಳಿ ಪಾಡ್ಯಕ್ಕೆ ಹೊಸ ಕೀರ್ದಿ ತೆರೆದಾಗ ಕಲಿಯುವವರ ಹೆಸರಿನಲ್ಲೂ ಖಾತೆ ತೆರೆಯಿರಿ: ಒಂದು ಪುಟದಲ್ಲಿ ರೂಪಾಯಿ, ಎದುರು ಪುಟದಲ್ಲಿ ತಾಸು. ಗಾಳಿ ಕೆಟ್ಟ ದಿನ ಹಾರದೆ ಮರಳಿದ್ದನ್ನೂ ಜಮಾ ಬರೆಯಿರಿ, ಅದೂ ಗಳಿಕೆಯೇ.